ಕಾಯಿಚಟ್ನಿಯಲ್ಲಿ ಕೋಲಿಫಾರ್ಮ್ ಎಣಿಸಿ ಅಡುಗೆಮನೆ ಎಷ್ಟು ಶುಚಿ ಅಂತ ತಿಳಿಯುವುದು ಹೇಗೆ?

ಒಂದು ದಿನ ಬೆಳಿಗ್ಗೆ ಏಳೂವರೆಗೇ ಒಬ್ಬ ಹೋಟೆಲ್ ಮಾಲೀಕರು ನಮ್ಮ ಲ್ಯಾಬಿನ ಬಾಗಿಲಲ್ಲಿ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ಡಬ್ಬಿಯಲ್ಲಿ ಕಾಯಿಚಟ್ನಿ. ಆಗಷ್ಟೇ ರುಬ್ಬಿದ್ದು, ಒಗ್ಗರಣೆಯ ಘಮ ಇನ್ನೂ ಹೋಗಿರಲಿಲ್ಲ. "ಇದ್ರಲ್ಲಿ ಕಾಯಿಲೆ ಬರೋ ಬ್ಯಾಕ್ಟೀರಿಯಾ ಇದ್ಯಾ ನೋಡಿ ಸಾರ್, ಇಲ್ಲ ಅಂತ ಒಂದು ರಿಪೋರ್ಟ್ ಕೊಟ್ಬಿಡಿ" ಅಂದರು. ಆ ಮಾತು, ಆ ಡಬ್ಬಿ ಎರಡೂ ಸೇರಿ ಅಲ್ಲಿ ಮೂರು ತಪ್ಪಿದ್ದವು. ಕೇಳಿದ ಪ್ರಶ್ನೆ ಸರಿಯಿಲ್ಲ, ತಂದ ಹೊತ್ತು ಸರಿಯಿಲ್ಲ, ತಂದ ಪಾತ್ರೆ ಸರಿಯಿಲ್ಲ. ಹೋಟೆಲ್, ಮೆಸ್, ಹಾಸ್ಟೆಲ್ ಅಡುಗೆಮನೆ ನಡೆಸುವವರು, ಮೈಕ್ರೋಬಯಾಲಜಿ ಓದುತ್ತಿರುವ ಹುಡುಗ ಹುಡುಗಿಯರು ಇದೇ ಮೂರರಲ್ಲಿ ಎಡವುವುದನ್ನು ತುಂಬಾ ಸಲ ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳೋಣ

ಟೈಫಾಯ್ಡ್, ಕಾಲರಾ, ಆಮಶಂಕೆ, ಇವುಗಳ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಹುಡುಕುತ್ತಾ ಹೋದರೆ ಒಂದೊಂದಕ್ಕೂ ಬೇರೆ ಟೆಸ್ಟ್, ಬೇರೆ ಖರ್ಚು, ದಿನಗಟ್ಟಲೆ ಕಾಯುವುದು. ಸಾಲದ್ದಕ್ಕೆ ಅವು ಆಹಾರದಲ್ಲಿ ಬಂದರೂ ಚೂರೇ ಚೂರು ಬರುತ್ತವೆ, ಅದೂ ಒಂದು ಕಡೆ ಇದ್ದು ಇನ್ನೊಂದು ಕಡೆ ಇರುವುದಿಲ್ಲ. ಒಂದು ಬಕೆಟ್ ಚಟ್ನಿಯಿಂದ ನೀವು ತೆಗೆದ 25 ಗ್ರಾಂನಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಬಕೆಟ್‌ನಲ್ಲಿ ಇಲ್ಲ ಅಂತಲ್ಲ.

ಅದಕ್ಕೇ ಹಳೇ ಕಾಲದಿಂದ ಬಂದಿರುವ ಉಪಾಯ ಬೇರೆ. ಬೆಕ್ಕು ಹಾಲಿಗೆ ಬಾಯಿ ಹಾಕಿದ್ದನ್ನು ಯಾರೂ ನೋಡದೆ ಇರಬಹುದು, ಒದ್ದೆ ಹೆಜ್ಜೆ ನೆಲದ ಮೇಲೆ ಇದ್ದೇ ಇರುತ್ತದೆ ಅಲ್ವಾ? ಆ ಹೆಜ್ಜೆಯನ್ನು ಹುಡುಕುವುದು. ಮಕ್ಕಳ ಡಾಕ್ಟರ್ ಥಿಯೋಡೋರ್ ಎಶೆರಿಕ್ 1885ರಲ್ಲಿ ಮಕ್ಕಳ ಕರುಳಿನಿಂದ ಒಂದು ಬ್ಯಾಕ್ಟೀರಿಯಾ ಗುರುತಿಸಿದರು, ಅದೇ ಇವತ್ತಿನ ಇ. ಕೋಲಿ. ಮನುಷ್ಯರ, ದನಕರುಗಳ ಕರುಳಿನಲ್ಲಿ ಅದು ಯಾವಾಗಲೂ ಇರುತ್ತದೆ, ಹಾಗಾಗಿ ನೀರಿನಲ್ಲಿ ಅದು ಕಂಡರೆ ಮಲದ ಸೋಂಕು ತಗುಲಿದೆ ಅಂತ ಅರ್ಥ ಅನ್ನುವ ಯೋಚನೆ 1892ರಲ್ಲಿ ಆಸ್ಟ್ರಿಯಾದ ವಿಜ್ಞಾನಿ ಶಾರ್ಡಿಂಗರ್ ಅವರಿಂದ ಬಂತು. ಇ. ಕೋಲಿ, ಅದು ಸೇರಿದ ಕೋಲಿಫಾರ್ಮ್ ಗುಂಪು, ಇಂಥ ಬ್ಯಾಕ್ಟೀರಿಯಾಗಳನ್ನು ಸೂಚಕ ಅಂತ ಕರೆಯುತ್ತಾರೆ. ಇ. ಕೋಲಿಯಲ್ಲಿ ಹೆಚ್ಚಿನವು ಪಾಪದವು, ಏನೂ ಮಾಡುವುದಿಲ್ಲ. ಆದರೆ ಅದು ಬಂದ ದಾರಿಯಲ್ಲೇ ಟೈಫಾಯ್ಡೂ ಬರಬಹುದು. ನಾವು ಹುಡುಕುವುದು ಆ ದಾರಿಯನ್ನು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ನಮ್ಮ ಅಡುಗೆಮನೆಯಲ್ಲಿ ಕೈ, ನೀರು, ಪಾತ್ರೆ, ಹೊತ್ತು, ಇವುಗಳಲ್ಲಿ ಯಾವುದು ಕೈಕೊಟ್ಟಿದೆ?

ಏನನ್ನು ಎಣಿಸಬೇಕು, ಏನನ್ನು ಬಿಡಬೇಕು

ಲ್ಯಾಬಿನ ಪಟ್ಟಿಯಲ್ಲಿ ಒಟ್ಟು ಎಣಿಕೆ, ಅಂದರೆ ಟೋಟಲ್ ಪ್ಲೇಟ್ ಕೌಂಟ್ ಮೊದಲು ಕಾಣುತ್ತದೆ. ಗಾಳಿ ಇರುವ ಕಡೆ ಬೆಳೆಯಬಲ್ಲ ಬ್ಯಾಕ್ಟೀರಿಯಾಗಳ ಒಟ್ಟು ಲೆಕ್ಕ ಅದು. ಬಿಸಿ ಸಾಂಬಾರು, ಪಲ್ಯ, ಕಾಯಿಸಿದ ಹಾಲು ಇಂಥವಕ್ಕೆ ಸರಿ. ಮೊಸರಿಗೆ, ದೋಸೆ ಹಿಟ್ಟಿಗೆ, ಇಡ್ಲಿ ಹಿಟ್ಟಿಗೆ ದಯವಿಟ್ಟು ಮಾಡಿಸಬೇಡಿ. ಹುಳಿ ಬರುವುದೇ ಬ್ಯಾಕ್ಟೀರಿಯಾಗಳಿಂದ, ಎಣಿಸಿದರೆ ಗ್ರಾಂಗೆ ಕೋಟಿಗಟ್ಟಲೆ ಸಿಗುತ್ತದೆ. ಒಬ್ಬರು ಇಡ್ಲಿ ಹಿಟ್ಟಿನ ಇಂಥ ರಿಪೋರ್ಟ್ ನೋಡಿ ಗಾಬರಿಯಾಗಿ ಫೋನ್ ಮಾಡಿದ್ದರು. ಹಿಟ್ಟು ಚೆನ್ನಾಗಿ ಹುದುಗಿದೆ ಅಂತ ಅರ್ಥ ಅಷ್ಟೇ ಅಂದೆ, ನಕ್ಕರೋ ಬೈದುಕೊಂಡರೋ ಗೊತ್ತಾಗಲಿಲ್ಲ.

ಎರಡನೆಯದು ಕೋಲಿಫಾರ್ಮ್. ಇ. ಕೋಲಿಯೂ ಅದರ ನೆಂಟರೂ ಸೇರಿದ ಗುಂಪು. ಬೇಯಿಸಿದರೆ ಇವು ಸಾಯುತ್ತವೆ. ಬೆಂದ ಆಹಾರದಲ್ಲಿ ಕೋಲಿಫಾರ್ಮ್ ಸಿಕ್ಕಿದರೆ ಎರಡೇ ಸಾಧ್ಯತೆ: ಸರಿಯಾಗಿ ಬೆಂದಿಲ್ಲ, ಇಲ್ಲಾ ಬೆಂದ ಮೇಲೆ ಕೈಯಿಂದಲೋ ನೀರಿನಿಂದಲೋ ಪಾತ್ರೆಯಿಂದಲೋ ಸೇರಿಕೊಂಡಿವೆ. ಆದರೆ ಈ ಗುಂಪಿನ ಕೆಲವು ನೆಂಟರು ಮಣ್ಣಿನಲ್ಲೂ ಸೊಪ್ಪಿನ ಮೇಲೂ ತಮ್ಮ ಪಾಡಿಗೆ ಬದುಕುತ್ತವೆ. ಹಾಗಾಗಿ ಹಸಿ ಕೊತ್ತಂಬರಿ ಹಾಕಿದ ಚಟ್ನಿ, ಕೋಸಂಬರಿ, ಸಲಾಡ್ ಇವುಗಳಲ್ಲಿ ಕೋಲಿಫಾರ್ಮ್ ಸ್ವಲ್ಪ ಇದ್ದೇ ಇರುತ್ತದೆ. ಅಲ್ಲಿ ಮೂರನೆಯದನ್ನು, ಅಂದರೆ ಇ. ಕೋಲಿಯನ್ನೇ ಪ್ರತ್ಯೇಕವಾಗಿ ಎಣಿಸಬೇಕು.

ಇನ್ನು ಸ್ಟೆಫೈಲೊಕಾಕಸ್ ಆರಿಯಸ್. ಅದು ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಗಾಯದಲ್ಲಿ ಇರುವಂಥದ್ದು. ಕೈಯಲ್ಲಿ ಹೆಚ್ಚು ಮುಟ್ಟಿ ಮಾಡುವ ಸ್ವೀಟು, ಪನೀರು, ಸ್ಯಾಂಡ್‌ವಿಚ್ ಇದ್ದರೆ ಅದನ್ನೂ ಸೇರಿಸಿ.

ಸ್ಯಾಂಪಲ್ ತೆಗೆಯುವುದು: ಅರ್ಧ ಕೆಲಸ ಇಲ್ಲೇ

ಏಳೂವರೆಯ ಚಟ್ನಿ ಯಾವ ಹೋಟೆಲಿನಲ್ಲೂ ಚೆನ್ನಾಗೇ ಇರುತ್ತದೆ. ನನಗೆ ಬೇಕಾದದ್ದು ಹನ್ನೊಂದು ಗಂಟೆಯ ಚಟ್ನಿ. ತಿಂಡಿಯ ನೂಕುನುಗ್ಗಲು ಮುಗಿದಿರುತ್ತದೆ, ಬಕೆಟ್‌ನ ತಳದಲ್ಲಿ ಕಾಲು ಭಾಗ ಉಳಿದಿರುತ್ತದೆ, ಒಳಗೆ ಸೌಟು ಮುಳುಗಿಕೊಂಡಿರುತ್ತದೆ, ಚಟ್ನಿ ಸಾಲದೆ ಬಂದಾಗ ಮೇಲಿಂದ ನೀರು ಹಾಕಿ ತೆಳ್ಳಗೆ ಮಾಡಿರುತ್ತಾರೆ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಆಹಾರ ಇದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾಗೆ ಹಬ್ಬ. ಹದವಾದ ಬೆಚ್ಚಗಿನಲ್ಲಿ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಒಂದೇ ಒಂದು ಇದ್ದದ್ದು ಮೂರು ಗಂಟೆಯಲ್ಲಿ ಐನೂರು ದಾಟುತ್ತದೆ, ಲೆಕ್ಕ ಹಾಕಿ ನೋಡಿ.

ಇನ್ನೊಂದು ವಿಷಯ. ಚಟ್ನಿಯೊಂದನ್ನೇ ತಂದರೆ ಕೆಟ್ಟಿದೆ ಅಂತ ಹೇಳಬಹುದು, ಎಲ್ಲಿ ಕೆಟ್ಟಿತು ಅಂತ ಹೇಳಲಾಗುವುದಿಲ್ಲ. ಅದಕ್ಕೆ ಚಟ್ನಿ ನಡೆದು ಬಂದ ದಾರಿಯುದ್ದಕ್ಕೂ ಸ್ಯಾಂಪಲ್ ತೆಗೆಯಿರಿ. ನಾನು ಮಾಡುವುದು ಹೀಗೆ: ನಲ್ಲಿ ನೀರು, ಡ್ರಮ್ಮಿನಲ್ಲಿ ತುಂಬಿಟ್ಟ ನೀರು, ತೊಳೆದ ಕೊತ್ತಂಬರಿ, ತುರಿದ ಕಾಯಿ, ರುಬ್ಬಿದ ತಕ್ಷಣದ ಚಟ್ನಿ, ಹನ್ನೊಂದು ಗಂಟೆಯ ಬಕೆಟ್ ಚಟ್ನಿ. ಜೊತೆಗೆ ಗ್ರೈಂಡರ್ ಒಳಗಿನ ಸ್ವಾಬ್ (ತುದಿಗೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ಉಜ್ಜಿ ತೆಗೆಯುವುದು), ಬಡಿಸುವವರ ಕೈ ಸ್ವಾಬ್. ದುಡ್ಡಿಲ್ಲ ಅಂದರೆ ಡ್ರಮ್ಮಿನ ನೀರು, ರುಬ್ಬಿದ ಚಟ್ನಿ, ಬಕೆಟ್ ಚಟ್ನಿ, ಈ ಮೂರಾದರೂ ಸರಿ.

ಪಾತ್ರೆ ಸ್ಟೆರೈಲ್ ಆಗಿರಬೇಕು, ಅಂದರೆ ಅದರಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಒಂದೂ ಇರಬಾರದು. ಮನೆಯ ಡಬ್ಬಿ ಎಷ್ಟೇ ತಿಕ್ಕಿ ತೊಳೆದಿದ್ದರೂ ತೊಳೆದ ನೀರಿನ ಬ್ಯಾಕ್ಟೀರಿಯಾ ಅದರಲ್ಲಿ ಇರುತ್ತದೆ, ಒರೆಸಿದ ಬಟ್ಟೆಯದ್ದು ಅದಕ್ಕಿಂತ ಜಾಸ್ತಿ. ಲ್ಯಾಬಿನಲ್ಲಿ ಕೇಳಿದರೆ ಸ್ಟೆರೈಲ್ ಬಾಟಲಿ, ಕವರ್ ಕೊಡುತ್ತಾರೆ. ತೆಗೆಯುವ ಮುಂಚೆ ಕೈ ತೊಳೆದು 70 ಪರ್ಸೆಂಟ್ ಆಲ್ಕೋಹಾಲ್ ಉಜ್ಜಿಕೊಳ್ಳಿ. ಬಾಟಲಿ ಮುಚ್ಚಳವನ್ನು ಟೇಬಲ್ ಮೇಲೆ ಇಡಬೇಡಿ, ಕೈಯಲ್ಲೇ ಹಿಡಿದುಕೊಳ್ಳಿ, ಒಳಬದಿ ಮುಟ್ಟಬೇಡಿ. ಒಂದು ಸ್ಯಾಂಪಲ್‌ಗೆ 100 ಗ್ರಾಂ ಇರಲಿ. ಅಡುಗೆಯವರು ಬಡಿಸುವ ಸೌಟಿನಲ್ಲೇ ಹಾಕಿಸಿಕೊಳ್ಳಿ, ಯಾಕೆಂದರೆ ಗಿರಾಕಿಗೆ ಹೋಗುವುದು ಆ ಸೌಟಿನ ಚಟ್ನಿಯೇ. ನೀವು ಬರುತ್ತೀರಿ ಅಂತ ಮೊದಲೇ ಹೇಳಿದ್ದರೆ ಅವತ್ತು ಹೊಸ ಸೌಟು ಬಂದಿರುತ್ತದೆ, ಅದು ಬೇರೆ ಮಾತು.

ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಬಾಟಲಿಯೊಳಗೂ ಅದು ಬ್ಯಾಕ್ಟೀರಿಯಾ ಕೊಲ್ಲುತ್ತಲೇ ಇರುತ್ತದೆ. ಅದಕ್ಕೇ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ಸೋಡಿಯಂ ಥಯೋಸಲ್ಫೇಟ್ ಹಾಕಿದ ಬಾಟಲಿ ಕೇಳಿ ತೆಗೆದುಕೊಳ್ಳಿ.

ಸ್ವಾಬ್ ತೆಗೆಯುವಾಗ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಜಾಗ ಗುರುತು ಮಾಡಿಕೊಂಡು ಒದ್ದೆ ಸ್ವಾಬನ್ನು ಅಡ್ಡ ಒಂದು ಸಲ, ಉದ್ದ ಒಂದು ಸಲ ಒತ್ತಿ ಉಜ್ಜಿ. ತರಕಾರಿ ಹೆಚ್ಚುವ ಮಣೆಯಾದರೆ ಚಾಕುವಿನ ಗೀರು ಬಿದ್ದ ಜಾಗವನ್ನೇ ಆರಿಸಿ. ನುಣ್ಣಗಿರುವ ಮೂಲೆಯಲ್ಲಿ ಉಜ್ಜಿದರೆ ಸುಮ್ನೆ ಖುಷಿಪಡಬಹುದು.

ಎಲ್ಲದರ ಮೇಲೂ ದಿನ, ಗಂಟೆ, ಜಾಗ, ಆ ಹೊತ್ತಿನ ಆಹಾರದ ಉಷ್ಣತೆ ಬರೆಯಿರಿ. ಐಸ್ ಡಬ್ಬಿಯಲ್ಲಿ 4 ಡಿಗ್ರಿ ಹತ್ತಿರ ಇಟ್ಟು ತನ್ನಿ, 24 ಗಂಟೆಯೊಳಗೆ ಟೆಸ್ಟ್ ಶುರುವಾಗಬೇಕು. ಫ್ರೀಜರಿನಲ್ಲಿ ಇಡಲೇಬೇಡಿ, ಹೆಪ್ಪುಗಟ್ಟಿದರೆ ಕೋಲಿಫಾರ್ಮ್‌ಗಳಲ್ಲಿ ಎಷ್ಟೋ ಸಾಯುತ್ತವೆ, ಆಮೇಲೆ ರಿಪೋರ್ಟ್ ಸುಳ್ಳುಸುಳ್ಳೇ ಚೆನ್ನಾಗಿ ಬರುತ್ತದೆ.

ಲ್ಯಾಬಿನೊಳಗೆ

ಈ ಭಾಗ ಮನೆಯಲ್ಲಿ ಮಾಡುವಂಥದ್ದಲ್ಲ. ಪ್ಲೇಟಿನಲ್ಲಿ, ಅಂದರೆ ಮುಚ್ಚಳ ಇರುವ ಚಪ್ಪಟೆ ಬಟ್ಟಲಿನಲ್ಲಿ, ಬ್ಯಾಕ್ಟೀರಿಯಾ ಬೆಳೆಸುವುದು ಅಂದರೆ ಕೆಲವನ್ನು ಕೋಟಿ ಮಾಡುವುದು, ಅದರಲ್ಲಿ ರೋಗದ್ದೂ ಇರಬಹುದು. ಆದರೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ರಿಪೋರ್ಟ್ ಓದಲು ಬರುತ್ತದೆ.

25 ಗ್ರಾಂ ಚಟ್ನಿಯನ್ನು 225 ಎಂಎಲ್ ಸ್ಟೆರೈಲ್ ಪೆಪ್ಟೋನ್ ನೀರಿಗೆ ಹಾಕಿ ಚೆನ್ನಾಗಿ ಕಲಸುತ್ತೇವೆ. ಇದು ಹತ್ತರಲ್ಲಿ ಒಂದು. ಇದರಿಂದ 1 ಎಂಎಲ್ ತೆಗೆದು 9 ಎಂಎಲ್‌ಗೆ ಹಾಕಿದರೆ ನೂರರಲ್ಲಿ ಒಂದು, ಅದರಿಂದ ಇನ್ನೊಂದು ಟ್ಯೂಬಿಗೆ, ಸಾವಿರದಲ್ಲಿ ಒಂದು. ಚಟ್ನಿ ಗಟ್ಟಿ, ಕಾಯಿಚರಟ ಪಿಪೆಟ್ಟಿನ (ಅಳತೆಯಾಗಿ ಹೀರುವ ನಳಿಕೆ) ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಎರಡು ಮೂರು ನಿಮಿಷ ಬಿಟ್ಟರೆ ಚರಟ ಕೆಳಗಿಳಿಯುತ್ತದೆ, ಆಮೇಲೆ ಮೇಲಿನ ತಿಳಿಯಿಂದ ತೆಗೆಯಿರಿ. ಪ್ರತಿ ಹಂತಕ್ಕೂ ಹೊಸ ಪಿಪೆಟ್. ವಿದ್ಯಾರ್ಥಿಗಳು ಇಲ್ಲಿ ಒಂದೇ ಪಿಪೆಟ್‌ನಲ್ಲಿ ಮುಗಿಸಲು ನೋಡುತ್ತಾರೆ, ಕೊನೆಯ ಪ್ಲೇಟಿನಲ್ಲಿ ಹತ್ತು ಪಟ್ಟು ಕಡಿಮೆ ಬರಬೇಕಾದದ್ದು ಮೂರೇ ಪಟ್ಟು ಕಡಿಮೆ ಬಂದಾಗ ಸಿಕ್ಕಿಬೀಳುತ್ತಾರೆ.

ಕೋಲಿಫಾರ್ಮ್‌ಗೆ ವಯೊಲೆಟ್ ರೆಡ್ ಬೈಲ್ ಅಗಾರ್ ಬಳಸುತ್ತೇವೆ. ಅಗಾರ್ ಅಂದರೆ ಕಡಲಪಾಚಿಯಿಂದ ಮಾಡಿದ, ಜೆಲ್ಲಿ ಥರ ಗಟ್ಟಿಯಾಗುವ ವಸ್ತು. ಅದರಲ್ಲಿರುವ ಪಿತ್ತದ ಲವಣ ಮತ್ತು ಕ್ರಿಸ್ಟಲ್ ವಯೊಲೆಟ್ ಬೇರೆ ತುಂಬಾ ಬ್ಯಾಕ್ಟೀರಿಯಾಗಳನ್ನು ಬೆಳೆಯಲು ಬಿಡುವುದಿಲ್ಲ. ಲ್ಯಾಕ್ಟೋಸ್ ಇರುವುದರಿಂದ ಕೋಲಿಫಾರ್ಮ್ ಅದನ್ನು ತಿಂದು ಹುಳಿ ಮಾಡುತ್ತದೆ, ನ್ಯೂಟ್ರಲ್ ರೆಡ್ ಅನ್ನುವ ಬಣ್ಣದ ವಸ್ತು ಆ ಹುಳಿಯನ್ನು ಕೆಂಪಾಗಿ ತೋರಿಸುತ್ತದೆ. ಈ ಅಗಾರನ್ನು ಆಟೋಕ್ಲೇವ್ (ಪ್ರೆಶರ್ ಕುಕ್ಕರ್ ಥರ ಒತ್ತಡದ ಆವಿಯಲ್ಲಿ ಬೇಯಿಸುವುದು) ಮಾಡಬಾರದು, ಎರಡು ನಿಮಿಷ ಕುದಿಸಿದರೆ ಸಾಕು. (ಅಗಾರ್ ಲ್ಯಾಬಿಗೆ ಬಂದದ್ದೂ ಅಡುಗೆಮನೆಯಿಂದಲೇ. 1881ರ ಸುಮಾರಿಗೆ ಜರ್ಮನಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲಾಟಿನ್ ಬೆಚ್ಚಗೆ ಕರಗಿಹೋಗಿ ಎಲ್ಲರೂ ಒದ್ದಾಡುತ್ತಿದ್ದಾಗ, ಜೆಲ್ಲಿ ಮಾಡಲು ತಾನು ಬಳಸುತ್ತಿದ್ದ ಅಗಾರನ್ನು ಸೂಚಿಸಿದ್ದು ವಿಜ್ಞಾನಿ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ.)

ಪ್ಲೇಟಿಗೆ 1 ಎಂಎಲ್ ಹಾಕಿ, 45ರಿಂದ 48 ಡಿಗ್ರಿಗೆ ಆರಿದ ಅಗಾರ್ ಸುರಿದು, ಮೆಲ್ಲಗೆ ಸುತ್ತಿಸಿ, ಗಟ್ಟಿಯಾದ ಮೇಲೆ ಇನ್ನೊಂದು ತೆಳು ಪದರ ಸುರಿಯುತ್ತೇವೆ. ತೀರಾ ಬಿಸಿ ಇರುವಾಗಲೇ ಸುರಿದರೆ ಎಣಿಸಬೇಕಾದವೇ ಬೆಂದುಹೋಗುತ್ತವೆ. ತೆಳು ಮಾಡಿದ ಪ್ರತಿ ಹಂತಕ್ಕೂ ಎರಡು ಪ್ಲೇಟ್, ಜೊತೆಗೆ ಚಟ್ನಿ ಇಲ್ಲದೆ ಬರೀ ಪೆಪ್ಟೋನ್ ನೀರು ಹಾಕಿದ ಒಂದು ಬ್ಲಾಂಕ್ ಪ್ಲೇಟ್. ಬ್ಲಾಂಕಿನಲ್ಲಿ ಏನಾದರೂ ಬೆಳೆದರೆ ತಪ್ಪು ಹೋಟೆಲಿನದ್ದಲ್ಲ, ನಮ್ಮದು, ಅವತ್ತಿನ ಕೆಲಸವೆಲ್ಲ ವೇಸ್ಟ್. ಪ್ಲೇಟುಗಳನ್ನು ಬೋರಲು ಮಾಡಿ 35 ಡಿಗ್ರಿಯ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿ 18ರಿಂದ 24 ಗಂಟೆ ಇಡುತ್ತೇವೆ.

ಮರುದಿನ ಇನ್‌ಕ್ಯುಬೇಟರ್ ತೆಗೆದು ಪ್ಲೇಟನ್ನು ಬೆಳಕಿಗೆ ಹಿಡಿದರೆ ಕೋಲಿಫಾರ್ಮ್ ಎದ್ದು ಕಾಣುತ್ತದೆ. ಸಾಸಿವೆಕಾಳಿಗಿಂತ ಸಣ್ಣ, ನೇರಳೆಗೆಂಪು ಚುಕ್ಕಿ, ಅದರ ಸುತ್ತ ಮಂಜು ಕವಿದ ಹಾಗೆ ಒಂದು ಕೆಂಪು ಉಂಗುರ. ಒಂದು ಚುಕ್ಕಿ ಅಂದರೆ ಮೊದಲಿದ್ದ ಒಂದು ಬ್ಯಾಕ್ಟೀರಿಯಾದ ಸಂಸಾರ ಅಂತ ಲೆಕ್ಕ. ಅರ್ಧ ಮಿಲಿಮೀಟರಿಗಿಂತ ಸಣ್ಣ, ಉಂಗುರ ಇಲ್ಲದ, ಬಿಳಚಿದ ಚುಕ್ಕಿಗಳನ್ನು ಬಿಡಿ. 25ರಿಂದ 250 ಚುಕ್ಕಿ ಇರುವ ಪ್ಲೇಟು ಮಾತ್ರ ಲೆಕ್ಕಕ್ಕೆ. ಅದಕ್ಕಿಂತ ಕಡಿಮೆ ಇದ್ದರೆ ಅದೃಷ್ಟದ ಆಟ, ಜಾಸ್ತಿ ಇದ್ದರೆ ಒಂದರ ಮೇಲೊಂದು ಬೆಳೆದು ಎಣಿಸಲಾಗುವುದಿಲ್ಲ.

ಉದಾಹರಣೆಗೆ ಸಾವಿರದಲ್ಲಿ ಒಂದರ ಎರಡು ಪ್ಲೇಟುಗಳಲ್ಲಿ 84 ಮತ್ತು 92 ಬಂತು ಅಂದುಕೊಳ್ಳಿ. ಸರಾಸರಿ 88. ಸಾವಿರದಿಂದ ಗುಣಿಸಿದರೆ ಗ್ರಾಂಗೆ 88,000. ಇದು ಇನ್ನೂ ಅನುಮಾನದ ಲೆಕ್ಕ. ಅದರಲ್ಲಿ 10 ಚುಕ್ಕಿ ಆರಿಸಿ ಬ್ರಿಲಿಯಂಟ್ ಗ್ರೀನ್ ಬೈಲ್ ಬ್ರಾತ್ ಅನ್ನುವ ದ್ರವದ ಟ್ಯೂಬಿಗೆ ಹಾಕುತ್ತೇವೆ, ಒಳಗೆ ತಲೆಕೆಳಗಾಗಿ ಗ್ಯಾಸ್ ಹಿಡಿಯುವ ಪುಟ್ಟ ಡರ್ಹ್ಯಾಮ್ ಟ್ಯೂಬ್ ಇರುತ್ತದೆ. ಎರಡು ದಿನದೊಳಗೆ ಅದರಲ್ಲಿ ಗ್ಯಾಸ್ ಗುಳ್ಳೆ ನಿಂತರೆ ಕೋಲಿಫಾರ್ಮ್ ಖಚಿತ. 10ರಲ್ಲಿ 8 ಗ್ಯಾಸ್ ಕೊಟ್ಟರೆ 88,000ದ ಹತ್ತರಲ್ಲಿ ಎಂಟು ಭಾಗ, 70,400. ರಿಪೋರ್ಟಿನಲ್ಲಿ 70,000 ಅಂತ ಬರೆಯುತ್ತೇವೆ. ಕೊನೆಯ 400 ಬರೆದರೆ ಅಷ್ಟು ಕರಾರುವಾಕ್ಕಾಗಿ ಗೊತ್ತು ಅಂತ ಸುಳ್ಳು ಹೇಳಿದ ಹಾಗೆ.

ಇ. ಕೋಲಿಗೆ ಈಗ ಟಿಬಿಎಕ್ಸ್ ಅನ್ನುವ ಬಣ್ಣ ಕೊಡುವ ಅಗಾರ್ ಬಂದಿದೆ, 44 ಡಿಗ್ರಿಯಲ್ಲಿ ಒಂದು ದಿನ ಇಟ್ಟರೆ ಇ. ಕೋಲಿ ಮಾತ್ರ ನೀಲಿ ಹಸಿರು ಚುಕ್ಕಿಯಾಗಿ ಕಾಣುತ್ತದೆ. ಕಾಯಿಲೆ ತರುವ ಒ157 ಅನ್ನುವ ಇ. ಕೋಲಿ ತಳಿ ಸಾಮಾನ್ಯವಾಗಿ ಇದರಲ್ಲಿ ಆ ಬಣ್ಣ ಕೊಡುವುದಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಇದು ಶುಚಿತ್ವದ ಟೆಸ್ಟ್, ರೋಗದ್ದಲ್ಲ. ಹೆಪಟೈಟಿಸ್ ಎ ಥರದ ವೈರಸ್ಸೂ ಇದರಲ್ಲಿ ಕಾಣುವುದಿಲ್ಲ.

ಕೆಲಸ ಮುಗಿದ ಪ್ಲೇಟುಗಳನ್ನು ಮುಚ್ಚಳ ತೆಗೆಯದೆ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿಯೇ ಎಸೆಯಬೇಕು.

ಲ್ಯಾಬ್ ದೂರ ಇದ್ದರೆ

ಹಳ್ಳಿ ಕಡೆ, ಸಣ್ಣ ಹಾಸ್ಟೆಲ್ ಕಡೆ ಆಗುವ ಕೆಲಸ ಎಚ್‌2ಎಸ್ ಬಾಟಲಿ (ಎಚ್‌2ಎಸ್ ಅಂದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಗ್ಯಾಸ್, ಅದು ಹುಟ್ಟಿದರೆ ಬಾಟಲಿ ಕಪ್ಪಾಗುತ್ತದೆ). 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಮಾಂಜಾ ಮತ್ತು ಸಂಗಡಿಗರು ಕಂಡುಹಿಡಿದದ್ದು, ನಮ್ಮ ದೇಶದ್ದೇ. ಗೆರೆವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡುವುದು. ಕಪ್ಪಾದರೆ ಮಲದ ಸೋಂಕಿನ ಅನುಮಾನ. ಇನ್‌ಕ್ಯುಬೇಟರ್ ಬೇಡ. ಆದರೆ ಇದು ನೀರಿಗೆ ಮಾತ್ರ, ಚಟ್ನಿಗೆ ಹಾಕಬೇಡಿ. ಕೊಳೆತ ಮೊಟ್ಟೆ ವಾಸನೆ ಬರುವ ಬೋರ್‌ವೆಲ್ ನೀರಾದರೆ ಬ್ಯಾಕ್ಟೀರಿಯಾ ಇಲ್ಲದೆಯೂ ಹಾಕಿದ ಕೂಡಲೇ ಕಪ್ಪಾಗಿಬಿಡಬಹುದು, ಅದನ್ನು ನಂಬಬೇಡಿ. ಮುಗಿದ ಮೇಲೆ ಬ್ಲೀಚಿಂಗ್ ಪೌಡರ್ ನೀರು ಸುರಿದು ಒಂದು ಹೊತ್ತು ಬಿಟ್ಟು ಚೆಲ್ಲಿ, ಬಾಟಲಿಯನ್ನು ಮಕ್ಕಳ ಕೈಗೆ ಕೊಡಬೇಡಿ.

ರಿಪೋರ್ಟ್ ಬಂತು, ಈಗೇನು?

ಕುಡಿಯುವ ನೀರಿಗೆ ಲೆಕ್ಕ ಸುಲಭ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಎಂಎಲ್‌ನಲ್ಲಿ ಇ. ಕೋಲಿ ಒಂದೂ ಕಾಣಬಾರದು. ತಿನ್ನಲು ಸಿದ್ಧವಾದ ಆಹಾರಕ್ಕೆ ಒಂದು ಅಂದಾಜು ಬೇಕಾದರೆ ಬ್ರಿಟನ್ನಿನ 2009ರ ಮಾರ್ಗಸೂಚಿಯ ಅಳತೆ ಇದೆ: ಇ. ಕೋಲಿ ಗ್ರಾಂಗೆ 20ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ, 20ರಿಂದ 100 ಗಡಿಯ ಮೇಲೆ, 100 ದಾಟಿದರೆ ಆಗಲ್ಲ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಆಹಾರಕ್ಕೆ ತಕ್ಕ ಹಾಗೆ ಬೇರೆ ಬೇರೆ ಮಿತಿ ಇಟ್ಟಿದೆ, ಸಾಮಾನ್ಯವಾಗಿ ಒಂದೇ ಬ್ಯಾಚಿನ ಐದು ಸ್ಯಾಂಪಲ್ ನೋಡಿ ಹೇಳುತ್ತದೆ. ಒಂದೇ ಸ್ಯಾಂಪಲ್ ನೋಡಿ ಹಿಗ್ಗಲೂ ಬೇಡಿ, ಕುಗ್ಗಲೂ ಬೇಡಿ.

ಅಂಕಿಗಿಂತ ಮುಖ್ಯ ಅಂಕಿ ಎಲ್ಲಿ ಜಿಗಿಯಿತು ಅನ್ನುವುದು. ರುಬ್ಬುವ ಮುಂಚೆ ಕಾಯಿ, ಸೊಪ್ಪು ಎರಡೂ ಸರಿಯಿದ್ದು ರುಬ್ಬಿದ ಕೂಡಲೇ ಜಾಸ್ತಿ ಬಂದರೆ ಗ್ರೈಂಡರ್ ಬಿಚ್ಚಿ ನೋಡಿ, ಬ್ಲೇಡಿನ ಬುಡದ ವಾಷರ್ ಕೆಳಗೆ ನಿನ್ನೆಯ ಚಟ್ನಿ ಕೂತಿರುತ್ತದೆ. ಸೊಪ್ಪಿನಲ್ಲೇ ಇ. ಕೋಲಿ ಇದ್ದರೆ ಬುಟ್ಟಿಯಲ್ಲಿ ಅದ್ದಿ ತೆಗೆಯುವುದು ತೊಳೆಯುವುದಲ್ಲ. ಬೇರು ಕತ್ತರಿಸಿ, ಮಣ್ಣು ಹೋಗುವ ತನಕ ತೊಳೆದು, 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಕ್ಲೋರಿನ್ ನೀರಿನಲ್ಲಿ ನೆನೆಸಿ, ಆಮೇಲೆ ಕುಡಿಯುವ ನೀರಿನಲ್ಲಿ ಜಾಲಿಸಿ. ರುಬ್ಬಿದಾಗ ಚೆನ್ನಾಗಿದ್ದು ಬಕೆಟ್‌ನಲ್ಲಿ ಹಾಳಾಗಿದ್ದರೆ ಹೊತ್ತು, ಸೌಟು, ಸೇರಿಸಿದ ನೀರು, ಈ ಮೂರರಲ್ಲಿ ಒಂದು.

ಸ್ಟೀಲ್ ಡಬ್ಬಿಯ ಮಾಲೀಕರದ್ದು ಈ ಕೊನೆಯ ಜಾತಿ. ಅವರನ್ನು ಒಪ್ಪಿಸಿ ಇನ್ನೊಂದು ದಿನ ಹನ್ನೊಂದು ಗಂಟೆಗೆ ನಾನೇ ಹೋದೆ. ನಲ್ಲಿ ನೀರಿನಲ್ಲಿ ಏನೂ ಇರಲಿಲ್ಲ, ಕಾಯಿಯಲ್ಲಿ ಇರಲಿಲ್ಲ, ಗ್ರೈಂಡರ್ ಚೆನ್ನಾಗೇ ಇತ್ತು. ಡ್ರಮ್ಮಿನ ನೀರಿನಲ್ಲೂ ಬಕೆಟ್‌ನಲ್ಲೂ ಇ. ಕೋಲಿ ಸಿಕ್ಕಿತು. ಡ್ರಮ್ಮಿನ ನೀಲಿ ಮುಚ್ಚಳದ ಮೇಲೆ ಒಂದು ಪ್ಲಾಸ್ಟಿಕ್ ಜಗ್ಗು. ಟೇಬಲ್ ಒರೆಸುವ ಹುಡುಗ ಅದೇ ಜಗ್ಗನ್ನು ಮೊಣಕೈವರೆಗೆ ಮುಳುಗಿಸಿ ನೀರು ತೆಗೆಯುತ್ತಿದ್ದ, ಚಟ್ನಿ ತೆಳ್ಳಗೆ ಮಾಡುವವರೂ ಅದನ್ನೇ. ಹುಡುಗನನ್ನು ಬೈಯಲು ಹೊರಟವರನ್ನು ತಡೆದೆ, ಡ್ರಮ್ಮಿಗೆ ನಲ್ಲಿ ಇಲ್ಲದಿದ್ದರೆ ಅವನು ಇನ್ನು ಹೇಗೆ ತೆಗೆಯಬೇಕು? ಡ್ರಮ್ಮು ತೊಳೆಸಿ, ಕೆಳಗೆ ಒಂದು ನಲ್ಲಿ ಕೂರಿಸಿದರು. ಚಟ್ನಿಗೆ ಹಾಕುವ ನೀರು ಕುದಿಸಿ ಆರಿಸಿದ್ದು, ಅದಕ್ಕೆ ಬೇರೆ ಪಾತ್ರೆ. ಚಟ್ನಿಯನ್ನು ಒಮ್ಮೆಗೇ ದೊಡ್ಡ ಬಕೆಟ್ ರುಬ್ಬುವುದು ಬಿಟ್ಟು ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಉಳಿದ ಹಳೆಯದರ ಮೇಲೆ ಹೊಸದು ಸುರಿಯುವ ಹಾಗಿಲ್ಲ.

ಎರಡು ವಾರ ಬಿಟ್ಟು ಮತ್ತೆ ಟೆಸ್ಟ್. ಅದೇ ಜಾಗ, ಅದೇ ಹನ್ನೊಂದು ಗಂಟೆ, ಅದೇ ಸೌಟು, ಇಲ್ಲದಿದ್ದರೆ ಹೋಲಿಸುವುದಕ್ಕೇ ಬರುವುದಿಲ್ಲ. ಎರಡನೇ ಸಲ ಬಕೆಟ್ ಚಟ್ನಿಯಲ್ಲಿ ಕೋಲಿಫಾರ್ಮ್ ಸ್ವಲ್ಪ ಇತ್ತು, ಕೊತ್ತಂಬರಿಯದ್ದು. ಇ. ಕೋಲಿ ಇರಲಿಲ್ಲ. "ಇನ್ನೂ ಸ್ವಲ್ಪ ಇದೆ ಅಂತ ಬರ್ದಿದೀರಲ್ಲ ಸಾರ್" ಅಂತ ಮಾಲೀಕರಿಗೆ ಬೇಸರ. ಸೊಪ್ಪು ಹಾಕುವ ತನಕ ಅದು ಇರುತ್ತದೆ ಅಂದೆ. ಸೊಪ್ಪು ಬಿಟ್ಟರೆ ಗಿರಾಕಿ ಬಿಡುತ್ತಾರೆ ಅಂದರು.